ಹಡಗು ಬಿಟ್ಟ ಮೇಲೆ

ಆ ಬೀದಿಯಲ್ಲಿ ಯುದ್ಧದ ಹಡಗು ಹತ್ತಿದ್ದವನು ಒಬ್ಬನೇ. ಅವನನ್ನು ಎಲ್ಲರೂ ಹಡಗಜ್ಜ ಅನ್ನುತ್ತಿದ್ದರು. ಆದರೆ ಕ್ಯಾಪ್ಟನ್ ಎಂಬ ಬಿರುದು ಸಿಕ್ಕಿದ್ದು ಅವನ ಮಗಳಿಗೆ. ಸಿಗದೆ ಇನ್ನೇನು? ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ಹೆಂಗಸು ಅವಳು. ಅಳತೆ ಕೊಡಲು ಬಂದ ಮಗುವಿಗೆ "ನೆಟ್ಟಗೆ ನಿಲ್ಲು" ಎಂದರೆ ಜೊತೆಗೆ ಬಂದ ಅಪ್ಪನೂ ನೆಟ್ಟಗಾಗುತ್ತಿದ್ದ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲಿಗೆ ಎದುರಾಗಿ ಅವಳ ಮಿಷನ್ನು, ಗೋಡೆಯುದ್ದಕ್ಕೆ ಬಟ್ಟೆ ಕತ್ತರಿಸುವ ಮೇಜು, ಕಿಟಕಿಯ ಬೆಳಕು ಬೀಳುವ ಕಡೆ ಅಪ್ಪನ ಕುರ್ಚಿ. ಎಂಬತ್ತು ದಾಟಿದ್ದರೂ ಅಪ್ಪನ ಕಣ್ಣು ಚೆನ್ನಾಗಿತ್ತು. ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುವುದು, ಗುಂಡಿ ಹಾಕುವುದು ಅವನ ಕೆಲಸ. ಅವನ ಬಾಯಿಂದ ಮಾತು ಹೊರಡಿಸುವುದು ಮಾತ್ರ ಯಾರ ಕೈಲೂ ಆಗದ ಕೆಲಸ. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಇಬ್ಬರ ಪಾಲಿನ ಮಾತನ್ನೂ ಮಗಳೊಬ್ಬಳೇ ಆಡಿ ಮುಗಿಸುತ್ತಿದ್ದಳು.

ಯುದ್ಧದ ವಿಷಯವಾಗಿ ಅಪ್ಪ ಜೀವಮಾನದಲ್ಲಿ ಬಾಯಿ ಬಿಟ್ಟಿದ್ದು ಒಂದೇ ಸಲ. ಅವಳಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ನೀನು ಯುದ್ಧದಲ್ಲಿ ಏನು ಮಾಡಿದೆ, ಹೇಳು ಹೇಳು ಎಂದು ಪ್ರಾಣ ತಿಂದಿದ್ದಳು. ಅಪ್ಪ ಮುಖ ಆ ಕಡೆ ಮಾಡಿಕೊಂಡು, "ಹಡಗು ಬಿಟ್ಟ ಮೇಲೆ ನಾನೊಬ್ಬನೇ ಉಳಿದೆ. ಮಿಕ್ಕವರೆಲ್ಲ ಮುಳುಗಿಹೋದರು" ಎಂದು ಎದ್ದು ಹೊರಟುಹೋಗಿದ್ದ.

ಅಷ್ಟು ಸಾಕಾಯಿತು. ಹುಡುಗಿ ಮರುದಿನವೇ ಶಾಲೆಯಲ್ಲಿ ಅಪ್ಪನನ್ನು ಮುಳುಗುವ ಹಡಗಿನಿಂದ ಸಮುದ್ರಕ್ಕೆ ಹಾರಿಸಿದಳು. ಸ್ವಲ್ಪ ದೊಡ್ಡವಳಾದ ಮೇಲೆ ಅವನ ಕೈಗೊಂದು ಹಲಗೆ ಕೊಟ್ಟಳು. ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ತಿರುಗಿ ಅಪ್ಪನ ಮನೆಗೇ ಬಂದು ಮಿಷನ್ನು ಹಾಕಿಕೊಳ್ಳುವ ಹೊತ್ತಿಗೆ ಆ ಹಲಗೆಯ ಸುತ್ತ ಶಾರ್ಕ್ ಮೀನುಗಳೂ ಬಂದು ಸೇರಿದ್ದವು. ಸುಳ್ಳು ಹೇಳುತ್ತಿದ್ದೇನೆಂದು ಅವಳಿಗೆ ಒಂದು ದಿನವೂ ಅನ್ನಿಸಲಿಲ್ಲ. ಅಪ್ಪ ಹೇಳದೆ ಬಿಟ್ಟಿದ್ದನ್ನು ತಾನು ತುಂಬಿಸುತ್ತಿದ್ದೇನೆ, ಅಷ್ಟೇ ಅಂದುಕೊಂಡಿದ್ದಳು. ಅಪ್ಪನಿಗೊಂದು ಬಿಳಿ ನಾವಿಕರ ಅಂಗಿ ತಾನೇ ಹೊಲಿದಳು. ವರ್ಷಕ್ಕೊಮ್ಮೆ ಅದನ್ನು ತೊಡಿಸಿ ಶಾಲೆಯ ವೇದಿಕೆಗೆ ಕರೆದುಕೊಂಡು ಹೋಗುವಳು. ಅವನು ಕುರ್ಚಿಯ ತುದಿಯಲ್ಲಿ ಕೂತು ತನ್ನ ಮೊಣಕಾಲನ್ನೇ ನೋಡುತ್ತಿದ್ದ. ದೊಡ್ಡ ಕೆಲಸ ಮಾಡಿದವರು ಹೀಗೇ, ಹೇಳಿಕೊಳ್ಳುವುದಿಲ್ಲ ಎಂದು ಅವಳು ಮೈಕು ಹಿಡಿದು ಹಲಗೆಯ ಕಥೆ ಶುರು ಮಾಡುತ್ತಿದ್ದಳು. ಮನೆಗೆ ಬಂದ ಮೇಲೆ ಅವನಿಗೆ ಬೈಗುಳ. ಜನ ಚಪ್ಪಾಳೆ ಹೊಡೆದಾಗ ಒಂದು ನಗೆಯನ್ನಾದರೂ ನಕ್ಕರೆ ಗಂಟು ಹೋಗುತ್ತಿತ್ತಾ ಎಂದು.

ಹೋದ ಸಲದ ಸಮಾರಂಭದ ಫೋಟೊ ಪತ್ರಿಕೆಯಲ್ಲಿ ಬಂತು, ಹಡಗಿನ ಹೆಸರಿನ ಸಮೇತ. ಅದನ್ನು ನೋಡಿ ದೂರದ ಊರಿನ ಹೆಂಗಸೊಬ್ಬಳು ಅಂಗಡಿಗೆ ಫೋನು ಮಾಡಿದಳು. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಿಯಾದವಳು. ಆಕೆಯ ಅಪ್ಪ ಅದೇ ಹಡಗಿನ ಇಂಜಿನ್ ಕೋಣೆಯಲ್ಲಿದ್ದವನು. ಆಕೆ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಹಡಗಿನ ಜೊತೆ ಮುಳುಗಿಹೋದವನು. ರಜೆಗೆ ಬಂದಾಗ ಅವನು ತನ್ನ ಕೈಕೆಳಗಿದ್ದ ಹುಡುಗನೊಬ್ಬನ ವಿಷಯ ತಾಯಿಯ ಹತ್ತಿರ ಹೇಳಿ ನಗುತ್ತಿದ್ದನಂತೆ. ಎಲ್ಲರಿಗಿಂತ ಚಿಕ್ಕವನು, ಮರಿ ಅಂತಲೇ ಕರೆಯುತ್ತಿದ್ದನಂತೆ. ಆ ಮರಿ ನಿಮ್ಮಪ್ಪನೇ ಇರಬಹುದಾ ಎಂದು ಆಕೆ ಕೇಳಿದಳು.

ಕ್ಯಾಪ್ಟನ್ ಫೋನಿಗೆ ಕೈ ಅಡ್ಡ ಹಿಡಿದು, ನಿನ್ನನ್ನ ಹಡಗಲ್ಲಿ ಮರಿ ಅಂತಿದ್ರಾ ಎಂದು ಅಪ್ಪನನ್ನು ಕೇಳಿದಳು. ಕಾಜಾ ಹೊಲಿಯುತ್ತಿದ್ದ ಅಪ್ಪನ ಬೆರಳಿಗೆ ಸೂಜಿ ಚುಚ್ಚಿತು. ಹೌದೆಂದು ತಲೆಯಾಡಿಸಿ, ಬೆರಳನ್ನು ಬಾಯಲ್ಲಿಟ್ಟುಕೊಂಡು ಒಳಗೆ ಹೋಗಿಬಿಟ್ಟ.

ಹೌದಂತೆ ಎಂದು ಅವಳು ಹೇಳಿದಳು. ಆ ಕಡೆಯಿಂದ ನರ್ಸಮ್ಮ ಕೇಳಿದಳು: "ನೀರಲ್ಲಿದ್ದಾಗ ನಮ್ಮಪ್ಪ ಏನಾದ್ರೂ ಅಂದ್ರಂತಾ ಅಕ್ಕ?"

ಗೊತ್ತಿಲ್ಲ ಅನ್ನಬಹುದಿತ್ತು. ಅಪ್ಪನನ್ನು ಕೇಳಿ ಹೇಳುತ್ತೇನೆ ಅನ್ನಬಹುದಿತ್ತು. ಆದರೆ ನಮ್ಮ ಕ್ಯಾಪ್ಟನ್‌ಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ, ಏನನ್ನಾದರೂ ತುರುಕಲೇಬೇಕು. "ಅಂದ್ರು" ಎಂದಳು. "ಹುಟ್ಟೋ ಮಗೂಗೆ ಹೇಳು ಮರಿ, ಅಪ್ಪ ಹೆದರಲಿಲ್ಲ ಅಂತ ಹೇಳು ಅಂದ್ರಂತೆ." ಅಷ್ಟು ವಯಸ್ಸಾದ ಹೆಂಗಸು ಆ ಕಡೆ ಮಗುವಿನ ಹಾಗೆ ಬಿಕ್ಕಿದಳು. ಈ ಕಡೆ ಇವಳೂ ಕಣ್ಣೊರೆಸಿಕೊಂಡಳು. ಪುಣ್ಯದ ಕೆಲಸ ಮಾಡಿದೆನೆಂಬ ತೃಪ್ತಿ ಬೇರೆ! ಬರುವ ತಿಂಗಳು ನಾನೇ ಬಂದು ಅವರನ್ನು ನೋಡುತ್ತೇನೆ, ಎಲ್ಲವನ್ನೂ ಕೇಳಬೇಕು, ಹಡಗು ಎಲ್ಲಿ ಮುಳುಗಿತು, ಇಬ್ಬರೂ ಎಷ್ಟು ಹೊತ್ತು ನೀರಲ್ಲಿದ್ದರು, ನಿಮ್ಮಪ್ಪನನ್ನು ಯಾರು ಎತ್ತಿಕೊಂಡರು, ಎಲ್ಲವನ್ನೂ ಎಂದು ನರ್ಸಮ್ಮ ಫೋನಿಟ್ಟಳು.

ಫೋನಿಟ್ಟ ಮೇಲೆ ಇವಳಿಗೆ ಬೆವರು ಕಿತ್ತುಕೊಂಡಿತು. ಶಾಲೆಯ ಮಕ್ಕಳು ಹಲಗೆ ಯಾವ ಮರದ್ದು ಎಂದು ಕೇಳುವುದಿಲ್ಲ. ಈಕೆ ಕೇಳುತ್ತಾಳೆ. ಅಪ್ಪನನ್ನು ವಿಚಾರಿಸೋಣವೆಂದರೆ ಅವತ್ತಿನಿಂದ ಅವನು ಊಟಕ್ಕೆ ಬಿಟ್ಟರೆ ಮುಖ ಕೊಡುತ್ತಿರಲಿಲ್ಲ. ಕೊನೆಗೆ ಅವಳು ಒಂದು ದಿನ ಅಂಗಡಿ ಮುಚ್ಚಿ ಬಂದರಿನ ಊರಿಗೆ ಬಸ್ಸು ಹತ್ತಿದಳು. ಅಲ್ಲಿ ನಿವೃತ್ತ ನಾವಿಕರ ಸಂಘವಿತ್ತು. ನಿಜ ತಿಳಿದುಕೊಳ್ಳಲು ಹೋದಳು ಎಂದು ಯಾರೂ ಅಂದುಕೊಳ್ಳಬೇಡಿ. ಆಡಿದ ಸುಳ್ಳಿಗೆ ತೇಪೆ ಹಾಕಲು ಬಟ್ಟೆ ಬೇಕಾಗಿತ್ತು, ಅದಕ್ಕೆ ಹೋದಳು.

ಸಂಘದ ಕೋಣೆಯ ಗೋಡೆಯ ತುಂಬ ಹಡಗುಗಳ ಫೋಟೊ, ಗಾಜಿನ ಪೆಟ್ಟಿಗೆಯಲ್ಲಿ ಮರದ ಪುಟಾಣಿ ಹಡಗುಗಳು, ಪಾಲಿಶ್ ಮಾಡಿದ ಹಿತ್ತಾಳೆಯ ವಾಸನೆ. ಅಧ್ಯಕ್ಷರು ಅಪ್ಪನ ವಯಸ್ಸಿನವರು, ಆದರೆ ಗಂಟಲು ಮಾತ್ರ ಹರೆಯದ್ದು. ಹಡಗಿನ ಹೆಸರು ಹೇಳಿದ್ದೇ ತಡ, ಅದರ ಉದ್ದ, ಅಗಲ, ತೋಪುಗಳು, ಅಡುಗೆಯವನ ಕುಡಿತ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದರು. ಅವರಿದ್ದದ್ದು ಅದರ ಜೊತೆಯ ಹಡಗಿನಲ್ಲಿ. ಅದು ಮುಳುಗಿದ ಸಲ ಇವರ ಹಡಗು ರಿಪೇರಿಗೆ ನಿಂತಿದ್ದರಿಂದ ಅದು ಒಂಟಿಯಾಗಿ ಹೋಗಿತ್ತು. ಅವಳು ಹಿಗ್ಗಿಹೋದಳು. ಚಹಾ ಕುಡಿಯುತ್ತ, ನೀರಿಗೆ ಬಿದ್ದವರನ್ನು ಯಾವ ಹಡಗು ಎತ್ತಿಕೊಂಡಿತು ಎಂದು ಮೆಲ್ಲಗೆ ಕೇಳಿದಳು.

"ಯಾರನ್ನ ಎತ್ತಿಕೊಳ್ಳೋದು ತಾಯಿ?" ಎಂದರು ಅಧ್ಯಕ್ಷರು. "ಹುಡುಕೋಕೆ ಹೋದೋರಿಗೆ ನೀರ ಮೇಲೆ ಎಣ್ಣೆ ಬಿಟ್ರೆ ಏನೂ ಸಿಗಲಿಲ್ಲ. ಹೋದೋರು ಹೋದ್ರು, ಒಬ್ಬನೂ ವಾಪಸ್ ಬರಲಿಲ್ಲ."

ನಮ್ಮಪ್ಪ ಬಂದಿದ್ದಾನಲ್ಲ ಎಂದು ಅವಳು ಲೋಟ ಕುಕ್ಕಿದಳು. ಅಧ್ಯಕ್ಷರು ಕನ್ನಡಕ ತೆಗೆದು ಅವಳನ್ನು ನೋಡಿದರು. ಬಂದವರು ಹೇಗೆ ಬಂದೆ ಅಂತ ಹೇಳಿದರು, ಅವರ ಮಾತಲ್ಲೇ ಹೇಳಿ ಎಂದರು. ಅವಳು ಎದೆಯೆತ್ತಿ ಹೇಳಿದಳು, ಹಡಗು ಬಿಟ್ಟ ಮೇಲೆ ನಾನೊಬ್ಬನೇ ಉಳಿದೆ ಅಂತ ಹೇಳಿದ್ದಾನೆ ಎಂದು.

"ಹಡಗು ಬಿಟ್ಟ ಮೇಲೆ" ಎಂದು ಅಧ್ಯಕ್ಷರು ಆ ಮಾತನ್ನು ನಾಲಿಗೆಯ ಮೇಲೆ ಹೊರಳಿಸಿದರು. "ಅಂದ್ರೆ ಇವರು ಹಡಗನ್ನ ಬಿಟ್ಟ ಮೇಲೋ, ಹಡಗು ಇವರನ್ನ ಬಿಟ್ಟ ಮೇಲೋ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ರಿಪೇರಿಗೆ ನಿಂತ ಹಡಗಿನಲ್ಲಿ ಬೆಚ್ಚಗೆ ಕೂತಿದ್ದವರಿಗೆ ಬೇರೆಯವರ ಶೌರ್ಯ ಕಂಡರೆ ಹೊಟ್ಟೆಯುರಿಯದೆ ಇರುತ್ತದಾ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಪಾಪ, ಆ ಮನುಷ್ಯ ಕನ್ನಡಕ ಮತ್ತೆ ಹಾಕಿಕೊಂಡರು. ಚಹಾ ಪೂರ್ತಿ ಕುಡಿದು ಹೋಗಿ ತಾಯಿ ಎಂದರು, ಅಷ್ಟೇ. ಅವಳು ದಬದಬ ಹೆಜ್ಜೆ ಹಾಕುತ್ತ ಬಸ್ ನಿಲ್ದಾಣಕ್ಕೆ ಬಂದಳು. ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ನಿಂತು, ಬಸ್ಸು ಬಿಡ್ತೀವಿ, ಹತ್ತೋರು ಹತ್ತಿ, ಬಸ್ಸು ಬಿಟ್ಟ ಮೇಲೆ ಬಂದು ಬಾಯಿ ಮಾಡಬೇಡಿ ಎಂದು ಕೂಗುತ್ತಿದ್ದ. ಅವಳ ಕಾಲು ಮೆಟ್ಟಿಲ ಮೇಲೆಯೇ ನಿಂತಿತು. ದಿನಕ್ಕೆ ಹತ್ತು ಸಲ ಕೇಳುವ ಮಾತು. ಹಿಂದಿನವರು ತಳ್ಳಿದ್ದರಿಂದ ಒಳಗೆ ಹೋಗಿ ಸೀಟಿನಲ್ಲಿ ಕುಸಿದಳು. ದಾರಿಯುದ್ದಕ್ಕೂ ಮುಖ ಎತ್ತಲಿಲ್ಲ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಪ್ಪ ಕಿಟಕಿಯ ಹತ್ತಿರ ಒಂದು ರಾಶಿ ಅಂಗಿ ಇಟ್ಟುಕೊಂಡು ಕೂತಿದ್ದ. ಅವಳು ಚಪ್ಪಲಿ ಬಿಡದೆಯೇ ಎದುರು ನಿಂತಳು. ಜೀವಮಾನವೆಲ್ಲ ಅಪ್ಪನ ಯುದ್ಧದ ವಿಷಯ ಊರಿಗೆಲ್ಲ ಹೇಳಿದವಳು, ಶಾಲೆಯ ದಿನಗಳಾದ ಮೇಲೆ ಅಪ್ಪನನ್ನೇ ಕೇಳಿದ್ದು ಅವತ್ತು. ಯಾವ ಹಡಗಪ್ಪ ನಿನ್ನನ್ನು ನೀರಿನಿಂದ ಎತ್ತಿದ್ದು ಎಂದು ಕೇಳಿದಳು.

ಅಪ್ಪ ದಾರ ಕಚ್ಚಿ ತುಂಡು ಮಾಡಿದ. "ನನಗೆ ಈಜೇ ಬರಲ್ಲ ಮಗಳೇ" ಎಂದ.

ಆಮೇಲೆ ಅವನು ಹೇಳಿದ್ದನ್ನು ಅವಳು ಬಾಯಿ ಹಾಕದೆ ಕೇಳಿದಳು. ಅವನಿಗೆ ಅವತ್ತು ಹಲ್ಲು ಕೀಳಿಸಬೇಕಾಗಿತ್ತು. ಅಪ್ಪಣೆ ಪಡೆದು ದಡಕ್ಕಿಳಿದು, ಕೀಳಿಸಿಕೊಂಡು, ದವಡೆಗೆ ಹತ್ತಿ ತುರುಕಿಕೊಂಡು ಬಂದರಿಗೆ ವಾಪಸ್ಸು ಬಂದಾಗ ಹಡಗು ಹೊರಡುತ್ತಿತ್ತು. ಹೊರಡುವ ಅಪ್ಪಣೆ ಇದ್ದಕ್ಕಿದ್ದ ಹಾಗೆ ಬಂದಿತ್ತಂತೆ. ಹಗ್ಗ ಬಿಚ್ಚುತ್ತಿದ್ದರು, ಏಣಿ ಇನ್ನೂ ಎತ್ತಿರಲಿಲ್ಲ. ಮೇಲೆ ಹಡಗಿನ ಅಂಚಿನ ಕಟಕಟೆಗೆ ಬಾಗಿ ನರ್ಸಮ್ಮನ ಅಪ್ಪ ಕೈ ಬೀಸಿ ಕರೆಯುತ್ತಿದ್ದ, ಓಡಿ ಬಾರೋ ಎಂದು. ಹಡಗು ಕಾದಾಟ ನಡೆಯುವ ಕಡೆಗೇ ಹೋಗುತ್ತದೆಂದು ಅಷ್ಟರಲ್ಲಿ ಬಂದರಿನಲ್ಲಿ ಎಲ್ಲರಿಗೂ ಗೊತ್ತಿತ್ತು.

"ಪೆಟ್ಟಿಗೆ ಪೇರಿಸಿಟ್ಟಿದ್ರು, ಅದರ ಮರೆಗೆ ನಿಂತುಕೊಂಡೆ" ಎಂದ ಅಪ್ಪ. "ಹಲ್ಲು ನೋವಿಂದ ಹಡಗು ತಪ್ಪಿತು ಅಂತ ಅಧಿಕಾರಿಗಳಿಗೆ ಹೇಳಿದೆ. ನಂಬಿದ್ರು. ನೋವಿದ್ದದ್ದು ಹಲ್ಲಲ್ಲಿ ಮಗಳೇ, ಕಾಲಿಗೇನಾಗಿತ್ತು?"

ಮತ್ತೆ ಯಾಕೆ ನನಗೆ ಹೇಳಲಿಲ್ಲ ಎಂದು ಅವಳು ಕೇಳಿದಳು. ಹೇಳಿದ್ದೆನಲ್ಲ ಎಂದ ಅವನು. ಹಡಗು ಬಿಟ್ಟಿತು, ನಾನು ಉಳಿದುಕೊಂಡೆ ಅಂತಲೇ ಹೇಳಿದ್ದೆ. ನೀನು ಶಾಲೆಯಿಂದ ಬಂದು ಅಪ್ಪ ಈಜಿ ಬಂದ ಅಂತ ಎಲ್ಲರಿಗೂ ಹೇಳಿದೆ ಎಂದು ಕುಣಿದೆ. ಆ ಮುಖ ನೋಡಿ ಬಾಯಿ ಬರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅನ್ನುವುದರಲ್ಲೇ ನೀನು ಅಂಗಿ ಹೊಲಿದುಬಿಟ್ಟೆ. ಇಷ್ಟನ್ನು ಹೇಳುವಾಗ ಅವನ ದನಿಯಲ್ಲಿ ದೂರೇನೂ ಇರಲಿಲ್ಲ. ದೂರಿದ್ದರೆ ಅವಳಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಅವಳು ನೆಲದ ಮೇಲೆ ಕೂತುಬಿಟ್ಟಳು. ವರ್ಷಕ್ಕೊಮ್ಮೆ ಈ ಮನುಷ್ಯನನ್ನು ವೇಷ ಹಾಕಿಸಿ, ಅವನು ಯಾವುದನ್ನು ನೆನೆದು ಸಾಯುತ್ತಿದ್ದನೋ ಅದಕ್ಕೇ ಚಪ್ಪಾಳೆ ಹೊಡೆಸಿದ್ದೆನಲ್ಲ ಎಂದು ನಾಚಿಕೆಯಿಂದ ಹಿಡಿಯಷ್ಟಾದಳು. ನರ್ಸಮ್ಮನಿಗೆ ಫೋನಿನಲ್ಲಿ ತಾನು ಕಟ್ಟಿ ಹೇಳಿದ ಮಾತನ್ನೂ ಹೇಳಿಕೊಂಡಳು. ಅದನ್ನು ಕೇಳಿದಾಗ ಮಾತ್ರ ಅಪ್ಪ ಅಂಗಿಯನ್ನು ಕೆಳಗಿಟ್ಟ. ಆಕೆ ಬರಲಿ, ನಾನೇ ಹೇಳುತ್ತೇನೆ ಎಂದ. ನನ್ನ ಪಾಲಿನದನ್ನು ನಾನು ಹೇಳುತ್ತೇನೆ ಎಂದು ಅವಳೂ ಅಂದಳು. ಆ ಗಳಿಗೆಯಲ್ಲಿ ನಿಜವಾಗಿಯೂ ಹೇಳುವ ಮನಸ್ಸಿತ್ತು.

ನರ್ಸಮ್ಮ ಹೇಳಿದ ದಿನಕ್ಕೇ ಬಂದಳು. ಬಿಳಿ ಕೂದಲನ್ನು ಬಿಗಿಯಾಗಿ ಕಟ್ಟಿದ್ದ, ಎಣಿಸಿದಷ್ಟೇ ಮಾತಾಡುವ ಹೆಂಗಸು. ಅಪ್ಪನ ಕಾಲು ಮುಟ್ಟಲು ಬಗ್ಗಿದಳು. ಅವನು ಬೆಂಕಿ ತಗುಲಿದವನ ಹಾಗೆ ಕಾಲು ಹಿಂದಕ್ಕೆಳೆದುಕೊಂಡ. ಕೂತುಕೋ ತಾಯಿ, ಮೊದಲು ನಾನು ಹೇಳಬೇಕಾದ್ದನ್ನು ಕೇಳು ಎಂದ. ಹಲ್ಲಿನಿಂದ ಶುರು ಮಾಡಿ ಪೆಟ್ಟಿಗೆಗಳ ಮರೆಯವರೆಗೆ ಒಂದನ್ನೂ ಬಿಡದೆ ಹೇಳಿದ. ಅಷ್ಟು ಮಾತು ಅವನೊಳಗೆ ಇತ್ತೆಂದು ಮಗಳಿಗೇ ಗೊತ್ತಿರಲಿಲ್ಲ. ನರ್ಸಮ್ಮ ಮಡಿಲಲ್ಲಿ ಕೈ ಇಟ್ಟುಕೊಂಡು ಕದಲದೆ ಕೇಳಿದಳು.

"ಹಾಗಾದ್ರೆ ಆ ಮಾತು?" ಎಂದು ಆಕೆ ಕೇಳಿದಳು. "ಅಪ್ಪ ಹೆದರಲಿಲ್ಲ ಅಂತ ಹೇಳು ಅಂದ್ರಲ್ಲ, ಅದು ಯಾರ ಮಾತು?"

ಕ್ಯಾಪ್ಟನ್ ಮಿಷನ್ನಿನ ಹಿಂದೆ ನಿಂತಿದ್ದಳು. ಚಹಾ ಕೊಡಲು ಬಂದವಳು ಯಾವಾಗ ಅದರ ಹಿಂದಕ್ಕೆ ಸರಿದಿದ್ದಳೋ ಅವಳಿಗೇ ತಿಳಿಯದು. ಎರಡು ಅಕ್ಷರ, ನಂದು ಅಂದರೆ ಮುಗಿಯುತ್ತಿತ್ತು. ನಾಲಿಗೆ ಏಳಲಿಲ್ಲ. ಬೀದಿಯನ್ನೆಲ್ಲ ನಡುಗಿಸುವವಳು ಮಿಷನ್ನಿನ ಮೇಲಿನ ದಾರದ ಚೂರು ಆಯತೊಡಗಿದಳು.

"ನಂದೇ ತಾಯಿ" ಎಂದ ಅಪ್ಪ. "ನಾನೇ ಕಟ್ಟಿದ್ದು. ಮಗಳು ನಾನು ಹೇಳಿದ್ದನ್ನ ನಿನಗೆ ಹೇಳಿದಳು, ಅವಳದ್ದೇನೂ ಇಲ್ಲ."

ನರ್ಸಮ್ಮ ಎದ್ದು ನಿಂತಳು. ಚಹಾ ಹಾಗೇ ಇತ್ತು. "ನೀವು ಬದುಕಿದ್ರಿ ಅಂತ ನನಗೆ ಕೋಪ ಇಲ್ಲ" ಎಂದಳು. "ಇಪ್ಪತ್ತು ವರ್ಷದ ಹುಡುಗ, ಹೆದರಿಕೊಂಡ್ರಿ. ಅದನ್ನ ನಾನು ಇಲ್ಲೇ ಹೊಟ್ಟೆಗೆ ಹಾಕ್ಕೋತಿದ್ದೆ. ನಮ್ಮಪ್ಪನ ಬಾಯಲ್ಲಿ ಸುಳ್ಳು ಮಾತು ಇಟ್ರಲ್ಲ, ಅದಾಗಲ್ಲ. ಮೊಮ್ಮಕ್ಕಳಿಗೆಲ್ಲ ಹೇಳಿ ಬಂದಿದ್ದೀನಿ. ಅವರು ಹೆದರಿದ್ರೋ ಇಲ್ವೋ, ಯಾರು ಕಂಡಿದ್ದಾರೆ? ಹೆದರಿದ್ರೂ ನಮ್ಮಪ್ಪನೇ ತಾನೇ?"

ಚೀಲ ಎತ್ತಿಕೊಂಡು ಆಕೆ ಹೊರಟುಹೋದಳು. ಅಪ್ಪ ತಲೆ ತಗ್ಗಿಸಿ ಕೂತಿದ್ದ, ವೇದಿಕೆಯ ಮೇಲೆ ಕೂರುತ್ತಿದ್ದ ಹಾಗೇ. ಮಗಳಿಗೆ ಆಗ ಅರ್ಥವಾಯಿತು. ಬದುಕೆಲ್ಲ ಅಪ್ಪ ಕಾದಿದ್ದ ಕ್ಷಮೆ ಬಾಗಿಲವರೆಗೆ ಬಂದಿತ್ತು. ಅವನು ಅದನ್ನು ಕೈಯಾರೆ ದೂಡಿ ಇವಳ ಮಾನ ಉಳಿಸಿದ್ದ, ಇವಳು ನಿಂತು ನೋಡಿದ್ದಳು.

ಅವಳು ಓಡಿದಳು. ಬೀದಿಯ ಜನ ಕ್ಯಾಪ್ಟನ್ ಓಡಿದ್ದನ್ನು ನೋಡಿದವರಲ್ಲ. ಕ್ಷೌರದಂಗಡಿಯವನು ಗಿರಾಕಿಯ ಗಲ್ಲದ ಮೇಲೆ ಕತ್ತಿ ನಿಲ್ಲಿಸಿಕೊಂಡು ನೋಡಿದ. ಮೂಲೆಯ ತರಕಾರಿ ಅಂಗಡಿಯ ಮುಂದೆ ನರ್ಸಮ್ಮ ಸಿಕ್ಕಳು. ಅಲ್ಲೇ, ಅಷ್ಟೂ ಜನರ ಎದುರು, ಇವಳು ಏದುಸಿರು ಬಿಡುತ್ತ ಹೇಳಿದಳು. ಆ ಮಾತು ಕಟ್ಟಿದ್ದು ನಾನು. ಹಲಗೆಯೂ ನಂದು, ಈಜೂ ನಂದು, ಈ ಕಥೆಗೆ ಅಪ್ಪ ಒಂದು ದಿನವೂ ಸುಳ್ಳು ಸೇರಿಸಿದವನಲ್ಲ, ಇವತ್ತು ಸೇರಿಸಿದ, ಅದೂ ನನಗೋಸ್ಕರ. ದನಿ ತಗ್ಗಿಸಿ ಮಾತಾಡುವ ಅಭ್ಯಾಸ ಅವಳಿಗೆ ಇರಲೇ ಇಲ್ಲ, ಇಡೀ ಬೀದಿಗೆ ಕೇಳಿಸಿತು.

ನರ್ಸಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಆ ಮುದುಕ ಹಾಗೆ ಹೇಳುವಾಗ ನೀನು ಎದುರಿಗೇ ನಿಂತಿದ್ದೆಯಲ್ಲಮ್ಮ" ಎಂದಳು.

ಇವಳು ಮುಖ ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ತರಕಾರಿಯ ಬುಟ್ಟಿಗಳನ್ನು ನೋಡುತ್ತ ನಿಂತಳು. ನರ್ಸಮ್ಮ ಅವಳನ್ನು ದಾಟಿಕೊಂಡು, ಬಂದ ದಾರಿಯಲ್ಲೇ ಮನೆಯ ಕಡೆ ನಡೆದಳು. ಇವಳು ನಾಲ್ಕು ಮಾರು ಹಿಂದೆ ಬಿದ್ದು ಬಂದಳು. ಆಕೆ ಒಳಗೆ ಹೋದಳು. ಇವಳಿಗೆ ಹೊಸ್ತಿಲು ದಾಟುವ ಧೈರ್ಯ ಬರಲಿಲ್ಲ, ಹೊರಗೆ ಮೆಟ್ಟಿಲ ಮೇಲೆ ನಿಂತಳು. ಕುರ್ಚಿ ಎಳೆದುಕೊಂಡ ಸದ್ದಾಯಿತು.

"ಚಿಕ್ಕಪ್ಪ" ಎಂದು ನರ್ಸಮ್ಮ ಕರೆದದ್ದು ಕೇಳಿಸಿತು. "ನಮ್ಮಪ್ಪ ಮೇಲಿಂದ ಕೂಗಿದ್ರು ಅಂದ್ರಲ್ಲ. ನಾನು ಅವರ ದನಿ ಕೇಳಿದವಳಲ್ಲ. ಹೇಗಿತ್ತು?"

ಒಳಗೆ ಅಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಆಮೇಲೆ ಅಪ್ಪ ಕೂಗಿದ. ಅದು ಅಪ್ಪನ ದನಿಯಲ್ಲ. ಎದೆಯಾಳದಿಂದ ಬಂದ ಒರಟು ದನಿ, ನಗು ಬೆರೆತದ್ದು, ದೂರದವನನ್ನು ಕರೆಯುವಂಥದು: "ಓಡಿ ಬಾರೋ ಮರಿ! ಇನ್ನೂ ಹೊತ್ತಿದೆ, ಓಡೋ!" ಎದುರಿನ ಅಂಗಡಿಯವರೆಲ್ಲ ತಿರುಗಿ ನೋಡಿದರು. ನರ್ಸಮ್ಮ ಅಳುತ್ತ, ಇನ್ನೊಂದು ಸಲ ಅಂದಳು. ಅಪ್ಪ ಇನ್ನೊಂದು ಸಲ ಕೂಗಿದ, ಮತ್ತೂ ಒಂದು ಸಲ ಕೂಗಿದ. ಆಮೇಲೆ ಇಬ್ಬರೂ ಮೆಲ್ಲಗೆ ಮಾತಾಡತೊಡಗಿದರು. ಏನೆಂಬುದು ಹೊರಗೆ ನಿಂತವಳಿಗೆ ಕೇಳಿಸುತ್ತಿರಲಿಲ್ಲ. ಒಳಗೆ ಬಾ ಎಂದು ಅವಳನ್ನು ಯಾರೂ ಕರೆಯಲಿಲ್ಲ, ಅವಳೂ ಹೋಗಲಿಲ್ಲ.